ಹದಿನೈದು ಕುದುರೆ ರಜೆ ಮೇಲೆ

ಹೆಬ್ಬಾಳ ಫ್ಲೈಓವರ್ ಹತ್ತುವಾಗ ಒಂದು ಗ್ಯಾಸ್ ಆಟೋ ನನ್ನ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿ ಹೋಯಿತು. ಅದರಲ್ಲಿ ಮೂರು ಜನ, ಎರಡು ಮೂಟೆ ಅಕ್ಕಿ. ಒಳಗಿದ್ದ ಅಜ್ಜಿ ತಿರುಗಿ ನೋಡಿ, ಪಾಪ ಅನ್ನುವ ಹಾಗೆ ತಲೆ ಆಡಿಸಿದರು.

ನನ್ನದು ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾಗುತ್ತಿದ್ದ ಎರಡೇ ಸೀಟಿನ, ಫೈಬರ್ ಮೈಯ ಪುಟ್ಟ ಕಾರು. ಒಳಗಿರುವುದು 1,149 ಸಿಸಿಯ ರೆನೋ ಎಂಜಿನ್, 60 ಕುದುರೆ ಶಕ್ತಿ. ನಾನು ಕೊಳ್ಳುವಾಗಲೇ ಅದಕ್ಕೆ ವಯಸ್ಸಾಗಿತ್ತು. ನನಗೂ ಆಗಿತ್ತು ಬಿಡಿ.

ಗ್ಯಾರೇಜಿನವನು ಬಾನೆಟ್ ಕೂಡ ಎತ್ತಲಿಲ್ಲ. "ಸಾರ್, ಕಂಪ್ರೆಷನ್ ಹೋಗಿದೆ. ರಿಂಗ್ ಸವೆದಿರುತ್ತೆ. ಎಂಜಿನ್ ಇಳಿಸ್ಬೇಕು" ಅಂದ. ಕಂಪ್ರೆಷನ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಒತ್ತಡ; ರಿಂಗ್ ಅಂದರೆ ಆ ಗಾಳಿ ಸೋರದ ಹಾಗೆ ಪಿಸ್ಟನ್ ಸುತ್ತ ಹಾಕಿರುವ ಬಳೆ. ಅವನು ಹೇಳಿದ ಖರ್ಚು ಕೇಳಿ ನನ್ನ ಕಂಪ್ರೆಷನ್ನೂ ಹೋಯಿತು. ಇವನನ್ನು ನಂಬುವುದಕ್ಕಿಂತ ನಾನೇ ನೋಡೋಣ ಅಂತ ಜೆ.ಸಿ. ರಸ್ತೆಗೆ ಹೋಗಿ ಆ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದೆ.

ಕೆಲಸ ಸುಲಭ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಬೇಕು, ಕಾಯಿಲ್ ಕನೆಕ್ಷನ್ ಬಿಚ್ಚಬೇಕು, ನಾಲ್ಕೂ ಪ್ಲಗ್ ಕಳಚಿ ಒಂದೊಂದೇ ತೂತಿಗೆ ಗೇಜ್ ಸಿಕ್ಕಿಸಿ, ಐದಾರು ಸುತ್ತು ಸೆಲ್ಫ್ ಹೊಡೆಯಬೇಕು. ಸೆಲ್ಫ್ ಹೊಡೆಯಲು ಹೆಂಡತಿಯನ್ನು ಕೂರಿಸಿದೆ. ಲಗ್ನಪತ್ರಿಕೆಯೊಂದರ ಹಿಂದೆ ನಾಲ್ಕೂ ಸಿಲಿಂಡರಿನ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಬರೆದುಕೊಂಡೆ: 90, 85, 50, 90. ನೂರೈವತ್ತರ ಮೇಲೆ ಬರಬೇಕಾದ ಲೆಕ್ಕ ಇದು! ಗ್ಯಾರೇಜಿನವನು ಹೇಳಿದ್ದೇ ನಿಜವಾಯಿತಲ್ಲ ಅಂತ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, ಕಾರನ್ನು ಎಷ್ಟಕ್ಕೆ ಮಾರಬಹುದು, ತಗೊಳ್ಳುವಷ್ಟು ದಡ್ಡ ನನ್ನ ಬಿಟ್ಟು ಇನ್ಯಾರಿದ್ದಾರೆ ಅಂತೆಲ್ಲ ಅರ್ಧ ಗಂಟೆ ಯೋಚಿಸಿದೆ.

"ರೀ, ಆಕ್ಸಿಲರೇಟರ್ ತುಳೀಬೇಕಿತ್ತಾ?" ಅಂದಳು ಒಳಗಿಂದ.

ತುಳಿಯಲೇಬೇಕಿತ್ತು. ಪೂರ್ತಿ. ತುಳಿಯದಿದ್ದರೆ ಗಾಳಿ ಒಳಗೆ ಹೋಗುವ ಬಾಗಿಲೇ ಸರಿಯಾಗಿ ತೆರೆಯುವುದಿಲ್ಲ, ಗಾಳಿಯೇ ಇಲ್ಲದ ಮೇಲೆ ಪಿಸ್ಟನ್ ಪಾಪ ಏನನ್ನು ಒತ್ತಬೇಕು? ಅದನ್ನೇ ಹೇಳಬೇಕು ಅಂತಿದ್ದೆ, ಅಂದೆ. ನಂಬಲಿಲ್ಲ.

ಎರಡನೇ ಸಲ 170, 165, 95, 170. ಅಂದರೆ ಉಳಿದೆಲ್ಲ ಸಿಲಿಂಡರ್ ಗಟ್ಟಿ, ಮೂರನೇ ನಂಬರಿನದರ ಹದಿನೈದು ಕುದುರೆ ಮಾತ್ರ ರಜೆ ಮೇಲೆ. ಇನ್ನು ರಿಂಗ್ ಸವೆದಿದೆಯೋ, ಸಿಲಿಂಡರಿನ ಬಾಯಿ ಮುಚ್ಚಿ ತೆರೆಯುವ ವಾಲ್ವ್ ಸರಿಯಾಗಿ ಕೂರುತ್ತಿಲ್ಲವೋ ಗೊತ್ತಾಗಬೇಕು. ಅದಕ್ಕೆ ಹಳೇ ಉಪಾಯ ಒಂದಿದೆ. ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುವುದು. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಗೇಜ್ ಮೇಲೇರುತ್ತದೆ. ಚಮಚ ಅಂದರೆ ಎಷ್ಟು ಅಂತ ಯಾರೂ ಹೇಳಿರಲಿಲ್ಲ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಒಗ್ಗರಣೆ ಸೌಟು.

ಗೇಜ್ 100ಕ್ಕೆ ನಿಂತಿತು. ಸದ್ಯ, ರಿಂಗ್ ಅಲ್ಲ! ಮೂಲೆಯ ಪಂಕ್ಚರ್ ಅಂಗಡಿಯ ಹುಡುಗನಿಂದ ಕಂಪ್ರೆಸರ್ ತರಿಸಿ, ಎರಡೂ ವಾಲ್ವ್ ಮುಚ್ಚುವ ಹಾಗೆ ಪಿಸ್ಟನ್ ಮೇಲಕ್ಕೆ ತಂದು, ಗಾಳಿ ಬಿಟ್ಟು, ರಸ್ತೆಯಲ್ಲಿ ಮಲಗಿ ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟೆ. ಸುಸ್ಸ್ ಅಂತ ಕೇಳಿಸಿತು. ಅಂದರೆ ಸೋರುತ್ತಿರುವುದು ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್. ವಾಕಿಂಗ್ ಹೊರಟಿದ್ದ ಪಕ್ಕದ ಮನೆ ಅಂಕಲ್ ನನ್ನನ್ನು ದಾಟಿಕೊಂಡು ಹೋದರು, ಏನೂ ಕೇಳಲಿಲ್ಲ.

ವಾಲ್ವ್ ಪೂರ್ತಿ ಮುಚ್ಚಲಿ ಅಂತ ಅದರ ತಲೆಯ ಮೇಲೆ ಬಿಡುವ ಸಣ್ಣ ಸಂದು, ಟ್ಯಾಪೆಟ್ ಗ್ಯಾಪ್, ನೋಡಿದರೆ ಆ ವಾಲ್ವಿನದು ಇಲ್ಲವೇ ಇಲ್ಲ, ಸಂದು ಅಳೆಯುವ ತೆಳು ಲೋಹದ ಎಲೆ ಕೂಡ ತೂರುತ್ತಿರಲಿಲ್ಲ. ಸಡಿಲ ಮಾಡಿ ಸೆಟ್ ಮಾಡಿದೆ. 155! ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ.

ಆ ಒಂದು ಸೌಟು ಆಯಿಲ್ ಇನ್ನೂ ಒಳಗೇ ಇತ್ತು ಅನ್ನುವುದು ನೆನಪಾಗಿದ್ದು ಬೀದಿಯೆಲ್ಲ ನೀಲಿ ಹೊಗೆ ತುಂಬಿದ ಮೇಲೆ. ಸೊಳ್ಳೆ ಹೊಗೆ ಗಾಡಿ ಬಂತು ಅಂತ ಎರಡು ಬೀದಿಯ ಮಕ್ಕಳು ಕೂಗುತ್ತಾ ಓಡಿ ಬಂದರು. ಒಬ್ಬ ಅಜ್ಜಿ ಕಿಟಕಿಯಿಂದ, "ನಮ್ಮನೆ ಮೋರಿ ಕಡೆ ಜಾಸ್ತಿ ಬಿಡಪ್ಪಾ" ಅಂದರು. ಅಷ್ಟರಲ್ಲಿ ಅಡುಗೆಮನೆಯಿಂದ ಇನ್ನೊಂದು ದನಿ ಬಂತು.

"ರೀ, ಒಗ್ಗರಣೆ ಸೌಟು ನೋಡಿದ್ರಾ?"