ಟೈಮಿಂಗ್ ಚೈನು: ಲೀಡ್ಸಿನ ಪುಸ್ತಕ, ಮೈಸೂರಿನ ಕಿವಿ

ಚಳಿಯ ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡಿದರೆ ಎಂಜಿನ್ನಿನ ಬಲಗಡೆ ಕರಕರ ಸದ್ದು. ಡಬ್ಬಿಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಆಕ್ಸಿಲರೇಟರ್ ಕೊಟ್ಟರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಇಂಗ್ಲೆಂಡಿನ ಲೀಡ್ಸಿನಲ್ಲಿ ನನ್ನ ಹತ್ತಿರ ಇರುವುದು 250 ಸಿಸಿಯ, ಒಂದೇ ಸಿಲಿಂಡರಿನ ಹಳೇ ಬೈಕು. ಎರಡು ವಾರ ನೋಡಿ, ಮೈಸೂರಿಗೆ ಫೋನ್ ಮಾಡಿದೆ.

ನಮ್ಮ ಮನೆಯ ಬೈಕುಗಳನ್ನೆಲ್ಲ ನೋಡಿಕೊಂಡು ಬಂದ ಮೆಕ್ಯಾನಿಕ್ ಅಲ್ಲಿದ್ದಾರೆ. "ಏನಣ್ಣ ಇದು, ಕೇಳಿ" ಅಂತ ಫೋನನ್ನು ಎಂಜಿನ್ನಿಗೆ ಹಿಡಿದೆ.

"ಅಷ್ಟು ಹತ್ರ ಬೇಡ ಸಾರ್, ಒಂದು ಮೊಳ ದೂರ ಹಿಡೀರಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಟ್ಯಾಪೆಟ್ ಅಲ್ಲ ಸಾರ್. ಟ್ಯಾಪೆಟ್ ಆಗಿದ್ರೆ ತಾಳ ಹಾಕ್ದಂಗೆ ಟಿಕ್ ಟಿಕ್ ಅನ್ನುತ್ತೆ. ಇದು ಟೈಮಿಂಗ್ ಚೈನು. ಟೆನ್ಶನರ್ ಬಿಚ್ಚಿ ನೋಡಿ" ಅಂದರು. ಎಂಜಿನ್ನಿನ ವಾಲ್ವುಗಳನ್ನು ತೆರೆಯುವುದು ಕ್ಯಾಮ್, ಆ ಕ್ಯಾಮನ್ನು ತಿರುಗಿಸುವುದು ಟೈಮಿಂಗ್ ಚೈನು. ಚೈನು ಸಡಿಲಾಗದ ಹಾಗೆ ಒತ್ತಿ ಹಿಡಿಯುವುದು ಟೆನ್ಶನರ್. ಕ್ಯಾಮಿಗೂ ವಾಲ್ವಿಗೂ ನಡುವೆ ಇರುವುದು ಟ್ಯಾಪೆಟ್.

ಇವರು ಕೆಲಸ ಕಲಿತದ್ದು ಜಾವಾ, ಯೆಜ್ಡಿಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಊರಿನ ಗ್ಯಾರೇಜುಗಳಲ್ಲಿ ಅವುಗಳದೇ ಕೆಲಸ ಜಾಸ್ತಿ. ಆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನೂ ಇಲ್ಲ. 1985ರಲ್ಲಿ ಇವೆಲ್ಲ ಇರುವ ಫೋರ್ ಸ್ಟ್ರೋಕ್ ಬೈಕು, ಹೀರೋ ಹೋಂಡಾ ಸಿಡಿ 100 ಬಂತು. ಅಂಥ ಗಾಡಿಗಳು ಹೆಚ್ಚಾದ ಹಾಗೆ ಇವರು ಹೊಸದಾಗಿ ಕಲಿಯಬೇಕಾಯಿತು. ಪುಸ್ತಕ ಇರಲಿಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಹಾಗೇ ಕಲಿತರು. ಎಂಟು ಸಾವಿರ ಚಿಲ್ಲರೆ ಕಿಲೋಮೀಟರ್ ಆಚೆಯಿಂದ ನನ್ನ ಎಂಜಿನ್ನಿನ ಕಾಯಿಲೆ ಹೇಳಿದ್ದು ಆ ಕಿವಿಯೇ.

ಇಲ್ಲಿನ ದಾರಿ ಬೇರೆ. ಗ್ಯಾರೇಜಿನಲ್ಲಿ ಗಂಟೆಗೆ ಇಷ್ಟು ಅಂತ ಕೂಲಿ. ಹಾಗಾಗಿ ಬೈಕಿನ ಹುಚ್ಚು ಇರುವವರು ಹಿತ್ತಲ ಶೆಡ್ಡಿನಲ್ಲೇ ರಿಪೇರಿಗೆ ಕೂರುತ್ತಾರೆ. ಪಕ್ಕದಲ್ಲಿ ಆ ಮಾಡೆಲಿನ ಪುಸ್ತಕ, ಕೈಯಲ್ಲಿ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್. ನಾನೂ ಹಾಗೇ ಕೂತೆ. ಮೊದಲು ಮ್ಯಾಗ್ನೆಟ್ ಕವರಿನ ಕಿಂಡಿಯಲ್ಲಿ ಟಿ ಮಾರ್ಕ್, ಅಂದರೆ ಪಿಸ್ಟನ್ ಪೂರ್ತಿ ಮೇಲಿದೆ ಅನ್ನುವ ಗುರುತು, ಕೂರಿಸಬೇಕು. ಎಂಜಿನ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಟಿ ಮಾರ್ಕ್ ಎರಡು ಸಲ ಬರುತ್ತದೆ. ಎರಡೂ ಟ್ಯಾಪೆಟ್ ಕೈಗೆ ಸ್ವಲ್ಪ ಆಡಿದರೆ ಅದು ಸರಿಯಾದ ಸಲ. ಆಗ ವಾಲ್ವುಗಳು ಮುಚ್ಚಿರುತ್ತವೆ, ಕ್ಯಾಮ್ ಮೇಲೆ ಭಾರ ಇರುವುದಿಲ್ಲ. ಆಮೇಲೆಯೇ ಟೆನ್ಶನರಿನ ಎರಡು ಬೋಲ್ಟಿಗೆ ಕೈ ಹಾಕಬೇಕು.

ಬಿಚ್ಚಿದ ಟೆನ್ಶನರಿನ ಕಡ್ಡಿಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಸಲೀಸಾಗಿ ಒಳಗೆ ಹೋಯಿತು. ಸರಿಯಿರುವ ಟೆನ್ಶನರಿನ ಕಡ್ಡಿ ಹೊರಗೆ ಮಾತ್ರ ಬರಬೇಕು, ಬೆರಳಿಗೆ ಬಗ್ಗಬಾರದು. ಅದು ತಡೆಯದಿದ್ದರೆ ಚೈನು ಸಡಿಲಾಗಿ ಗೋಡೆಗೆ ಬಡಿಯುತ್ತದೆ.

ಈ ಟಿ ಮಾರ್ಕಿನ ಶಿಸ್ತು ನಮ್ಮೂರಿಗೂ ಬರಬೇಕು ಅನ್ನುವುದು ನನ್ನ ಹಟ. ಅದಕ್ಕೆ ಕಾರಣವೂ ಇದೆ. ಒಂದು ಸಲ ನಮ್ಮಣ್ಣನ ಬೈಕನ್ನು ಇನ್ನೊಂದು ಗ್ಯಾರೇಜಿಗೆ ಕೊಟ್ಟಿದ್ದೆವು. ಟೆನ್ಶನರ್ ಬಿಚ್ಚಿಟ್ಟಿದ್ದರು, ಗಾಡಿ ಗೇರಿನಲ್ಲಿತ್ತು. ಜಾಗ ಬೇಕು ಅಂತ ಯಾರೋ ಅದನ್ನು ಹಿಂದಕ್ಕೆ ತಳ್ಳಿದರು. ಚಕ್ರದ ಜೊತೆ ಎಂಜಿನ್ ತಿರುಗಿತು, ಚೈನು ಹಲ್ಲು ಹಾರಿತು. ಯಾರಿಗೂ ಗೊತ್ತಾಗಲಿಲ್ಲ. ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಬಡಿದು ವಾಲ್ವ್ ಬಗ್ಗಿತು. ಅವತ್ತು "ಬೇಗ ಮಾಡಿ, ಸಂಜೆ ಊರಿಗೆ ಹೋಗ್ಬೇಕು" ಅಂತ ಮೂರು ಸಲ ಫೋನ್ ಮಾಡಿದ್ದು ನಾವೇ.

ನಮ್ಮಲ್ಲಿ ಗಿರಾಕಿ ಕೇಳುವುದು ಎರಡೇ: ಬೇಗ ಆಗಬೇಕು, ಸದ್ದು ಪೂರ್ತಿ ನಿಲ್ಲಬೇಕು. ಎರಡನೆಯದು ಇನ್ನೂ ಕೆಟ್ಟದ್ದು. ಕೈಯಲ್ಲಿ ತಿರುಗಿಸಿ ಕೂರಿಸುವ ಟೆನ್ಶನರಿದ್ದರೆ ಅದನ್ನು ಒತ್ತಿ ಬಿಗಿ ಮಾಡಿ ಎಂಥ ಸದ್ದನ್ನೂ ನಿಲ್ಲಿಸಬಹುದು. ಆದರೆ ಆ ಬಿಗಿಗೆ ಚೈನು ಒರಗುವ ಗೈಡ್ ಸವೆಯುತ್ತದೆ. ಕೊನೆಗೆ ಆಯಿಲಿನಲ್ಲಿ ಕಪ್ಪು ಚೂರು ಸಿಗುತ್ತದೆ. ಮೆಕ್ಯಾನಿಕ್ "ಇಷ್ಟು ಸದ್ದು ಇರಲಿ ಸಾರ್" ಅಂದರೆ ನಾವು ನಂಬುವುದಿಲ್ಲ. ನಂಬಬೇಕು.

ನಾನು ತರಿಸಿದ್ದೂ ಕೈಯಲ್ಲಿ ಕೂರಿಸುವ ಟೆನ್ಶನರೇ. ಹೊಸ ಪ್ಯಾಕಿಂಗ್ ಇಟ್ಟು, ಪುಸ್ತಕ ಹೇಳಿದ ಹಾಗೆ 10 ನ್ಯೂಟನ್ ಮೀಟರಿಗೆ ಬೋಲ್ಟ್ ಬಿಗಿದೆ. ನಡುವಿನ ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿ ಗೈಡಿಗೆ ತಾಕಿಸಿದೆ. ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಎರಡು ಸುತ್ತು ನಿಧಾನವಾಗಿ ತಿರುಗಿಸಿದೆ. ಟಿ ಮಾರ್ಕ್ ಜಾಗಕ್ಕೆ ಬಂತು, ಟ್ಯಾಪೆಟ್ ಆಡಿತು. ಇಲ್ಲಿಗೆ ಪುಸ್ತಕದ ಕೆಲಸ ಮುಗಿಯಿತು. ಸ್ಕ್ರೂ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಅದರ ಜೊತೆ ಬಂದ ಚೀಟಿಯಲ್ಲಿ ಅಂಕಿಯೇ ಇಲ್ಲ.

ಮತ್ತೆ ಫೋನ್. ಎಂಜಿನ್ ಸ್ಟಾರ್ಟ್ ಮಾಡಿ ಒಂದು ಮೊಳ ದೂರ ಹಿಡಿದೆ. ಮೈಸೂರಿನಲ್ಲಿ ರಾತ್ರಿ ಊಟದ ಹೊತ್ತು.

"ಸಡಿಲ ಬಿಡಿ ಸಾರ್... ಇನ್ನೂ... ಹಾಂ, ಕರಕರ ಬಂತು. ಈಗ ನಿಧಾನಕ್ಕೆ ಬಿಗಿ ಮಾಡಿ. ನಿಲ್ಲಿ, ನಿಲ್ಲಿ. ಸೀಟಿ ಹೊಡೆದಂಗೆ ಕೇಳ್ತಿದೆ, ಜಾಸ್ತಿ ಆಯ್ತು. ಒಂದು ಕೂದ್ಲಷ್ಟು ಹಿಂದಕ್ಕೆ ಬನ್ನಿ."

ಬಂದೆ.

"ಅಲ್ಲೇ ಇರ್ಲಿ. ಸ್ಕ್ರೂ ಅಲ್ಲಾಡದಂಗೆ ಹಿಡ್ಕೊಂಡು ಲಾಕ್ ನಟ್ ಹಾಕಿ."