ನಿಲಂಬೂರು ಮತ್ತು ಪೆಗುವಿನ ಪ್ರಯತ್ನಗಳೂ ಸೇರಬೇಕು
ಭಾರತದಲ್ಲಿ ಕಾಡನ್ನು ಉಳಿಸಿಕೊಂಡೇ ಮರ ಕಡಿಯುವ ಪದ್ಧತಿ 1864ರಲ್ಲಿ ಅರಣ್ಯ ಇಲಾಖೆಯೊಂದಿಗೆ ಆರಂಭವಾಯಿತೆಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಅದಕ್ಕೂ ಹಿಂದಿನ ಎರಡು ಪ್ರಯತ್ನಗಳನ್ನು ಇಲ್ಲಿ ಸೇರಿಸಬಯಸುತ್ತೇನೆ. ಹಡಗು ಕಟ್ಟುವುದಕ್ಕಾಗಿ ಮಲಬಾರಿನ ತೇಗವನ್ನು ದಶಕಗಳ ಕಾಲ ಕಡಿದು ಸಾಗಿಸಿದ ಮೇಲೆ, 1840ರ ದಶಕದಲ್ಲಿ ಅಲ್ಲಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಆರಂಭಿಸಿದರು. ಮೊದಮೊದಲು ಬೀಜಗಳೇ ಸರಿಯಾಗಿ ಮೊಳೆಯಲಿಲ್ಲ. ಆ ಕೆಲಸವನ್ನು ಸ್ಥಳದಲ್ಲಿ ನಿಂತು ಸಾಧಿಸಿದ ಚಾತು ಮೆನನ್ ಅವರ ಹೆಸರು ಇಂಥ ಬರಹಗಳಲ್ಲಿ ಬಿಟ್ಟುಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

1856ರಲ್ಲಿ, ಆಗ ಬ್ರಿಟಿಷ್ ಭಾರತದ ಆಡಳಿತಕ್ಕೆ ಸೇರಿದ್ದ ಬರ್ಮಾದ ಪೆಗು ಕಾಡುಗಳ ಹೊಣೆ ಹೊತ್ತ ಜರ್ಮನ್ ಸಸ್ಯವಿಜ್ಞಾನಿ ಬ್ರಾಂಡಿಸ್, ಕಾಡಿನುದ್ದಕ್ಕೂ ಸಾಗುತ್ತ ತೇಗದ ಮರಗಳನ್ನು ಸುತ್ತಳತೆಯ ದರ್ಜೆಗಳಲ್ಲಿ ಎಣಿಸಿ, ಎಳೆಯ ಮರಗಳು ಬಲಿತು ತುಂಬಿಕೊಡುವಷ್ಟನ್ನೇ ಪ್ರತಿವರ್ಷ ಕಡಿಯಬೇಕೆಂಬ ಲೆಕ್ಕವನ್ನು ಜಾರಿಗೆ ತಂದರು. ಮರದ ವ್ಯಾಪಾರಿಗಳ ವಿರೋಧದ ನಡುವೆಯೂ ಈ ಶಿಸ್ತು ನಿಂತಿತೆಂಬುದು ಸಣ್ಣ ಮಾತಲ್ಲ.

ಆದರೆ ರೈಲು ಹಳಿಗಳ ಕೆಳಗೆ ಹಾಸುವ ಮರದ ಸ್ಲೀಪರುಗಳಿಗೆ ಬೇಡಿಕೆ ಏರಿದಂತೆ, ರಕ್ಷಣೆಯ ಹೆಸರಿನಲ್ಲಿ ಸರ್ಕಾರದ ಹಿಡಿತವೂ ಬಿಗಿಯಾಯಿತು. 1878ರ ಅರಣ್ಯ ಕಾಯ್ದೆ ಹಳ್ಳಿಗರ ಹಕ್ಕುಗಳನ್ನು ತೀವ್ರವಾಗಿ ಮೊಟಕುಗೊಳಿಸಿತು. ಉತ್ತರ ಕನ್ನಡದಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಮಾಡುತ್ತಿದ್ದವರೂ, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟಗಳನ್ನು ನಂಬಿದ್ದ ಅಡಿಕೆ ತೋಟಿಗರೂ ಇಂಥ ನಿರ್ಬಂಧಗಳ ಭಾರವನ್ನು ಹೊರಬೇಕಾಯಿತು.