12 ಸಾವಿರದಲ್ಲಿ ಏನಾಗುತ್ತೆ ಮಹಾ?

ನಿನ್ನೆ ತೀರ್ಥಹಳ್ಳಿಯಲ್ಲಿ ಒಂದು ಗೃಹಪ್ರವೇಶದ ಊಟ. ಪಕ್ಕದ ಎಲೆಗೆ ಕೂತವರು ದೂರದ ನೆಂಟರು, ಒಳ್ಳೆ ತೋಟ ಇರುವವರು. ಸಾರು ಬಡಿಸುತ್ತಿದ್ದ ಹುಡುಗಿ ಡಿಗ್ರಿ ಮೊದಲ ವರ್ಷ. ಅವಳಿಗೆ ಪಿಯುಸಿ ಅಂಕದ ಮೇಲೆ ಕೇಂದ್ರದ ಸ್ಕಾಲರ್‌ಶಿಪ್ ಬಂದಿದೆ ಅಂತ ಯಾರೋ ಖುಷಿಯಿಂದ ಹೇಳಿದರು. ಇವರು ತಲೆ ಎತ್ತದೆ 'ಎಷ್ಟು?' ಎಂದರು. ವರ್ಷಕ್ಕೆ 12 ಸಾವಿರ. 'ಅಷ್ಟರಲ್ಲಿ ಏನಾಗುತ್ತೆ ಮಹಾ! ಮೊಬೈಲ್ ರೀಚಾರ್ಜಿಗೆ ಆಯ್ತು.' ಹುಡುಗಿ ಸುಮ್ನೆ ನಕ್ಕು ಬಕೆಟ್ ಎತ್ತಿಕೊಂಡು ಮುಂದೆ ಹೋದಳು. ನನಗೆ ಊಟ ಸೇರಲಿಲ್ಲ. (ಹೋಳಿಗೆ ಬಿಡಲಿಲ್ಲ, ಅದು ಬೇರೆ ವಿಷಯ.)

ಇದೇ ಮನುಷ್ಯ ರಾಶಿ ಅಡಿಕೆ ಕ್ವಿಂಟಲ್‌ಗೆ ಐನೂರು ಇಳಿದರೆ ದಿನವಿಡೀ ಮಂಡಿಗೆ ಫೋನ್ ಮಾಡುತ್ತಾರೆ. ಆಗ ಐನೂರು ದೊಡ್ಡದು. ಬೇರೆಯವರ ಮಗಳ 12 ಸಾವಿರ ಮಾತ್ರ ಚಿಲ್ಲರೆ.

ಆ ಚಿಲ್ಲರೆ ಹೇಗೆ ಸಿಗುತ್ತೆ ಅಂತ ಅವರಿಗೆ ಗೊತ್ತಾ? ಪಿಯುಸಿ ಬೋರ್ಡಿನಲ್ಲಿ ತನ್ನ ವಿಭಾಗದ ನೂರಕ್ಕೆ 80 ಜನರಿಗಿಂತ ಮೇಲೆ ಇರಬೇಕು. ಮನೆಯ ವರಮಾನ ವರ್ಷಕ್ಕೆ 4.5 ಲಕ್ಷ ದಾಟಬಾರದು. ಇಡೀ ದೇಶದಲ್ಲಿ ವರ್ಷಕ್ಕೆ ಹೊಸದಾಗಿ ಕೊಡುವುದೇ 82 ಸಾವಿರ ಮಂದಿಗೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಡಿಗ್ರಿಯ ಮೂರು ವರ್ಷ 12 ಸಾವಿರ, ಎಂಎಸ್ಸಿ, ಎಂಎಗೆ ಹೋದರೆ 20 ಸಾವಿರ. ಇಷ್ಟು ಗೆದ್ದು ಬಂದ ಹುಡುಗಿಗೆ ಸಿಕ್ಕಿದ್ದು ರೀಚಾರ್ಜಿನ ಮಾತು.

ಏನಾಗುತ್ತೆ ಅಂತ ಕೇಳಿದರಲ್ಲ, ಹೇಳುತ್ತೇನೆ. ನಮ್ಮ ಕಡೆ ಕಾಲೇಜಿನವರು ಫೀಸು ಕೇಳುವುದೇ ಮಳೆಗಾಲದಲ್ಲಿ. ಅಡಿಕೆ ದುಡ್ಡು ಕಾಣುವುದು ದೀಪಾವಳಿ ಕಳೆದ ಮೇಲೆ. ಅದೇ ಮಳೆಯಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು, ಮರ ಹತ್ತುವವರಿಗೆ ಕೂಲಿ ಕೊಡಬೇಕು. ಈಗ ಎಲೆಚುಕ್ಕಿ ಬೇರೆ. ಅರ್ಧ ಎಕರೆ ತೋಟದ ಅಪ್ಪ ಔಷಧಿಗೆ ಕೊಡುತ್ತಾನಾ, ಮಗಳ ಫೀಸಿಗಾ? ಮುಕ್ಕಾಲು ಪಾಲು ಮನೆಗಳಲ್ಲಿ ತೋಟವೇ ಗೆಲ್ಲುತ್ತೆ. ಅದು ತಪ್ಪು ಅಂತಲೂ ಹೇಳಲಾರೆ, ತೋಟ ಹೋದರೆ ಎಲ್ಲವೂ ಹೋಯ್ತು. ಪರೀಕ್ಷೆ ಶುಲ್ಕ, ರೆಕಾರ್ಡ್ ಪುಸ್ತಕ, ಲ್ಯಾಬಿನ ಬಿಳಿ ಕೋಟು, ಮೆಸ್ ಬಾಕಿ, ಇವೆಲ್ಲ ಆ 12 ಸಾವಿರದಲ್ಲಿ ಆಗುತ್ತೆ ಸ್ವಾಮಿ.

'ಬಸ್ಸು ಫ್ರೀ ಇದೆಯಲ್ಲ' ಅಂತಲೂ ಒಬ್ಬರು ಸೇರಿಸಿದರು. ಹೌದು, 2023ರಿಂದ ಇದೆ, ಸರ್ಕಾರಿ ಬಸ್ಸಿನಲ್ಲಿ. ನಮ್ಮ ಎಷ್ಟೋ ಊರಿಗೆ ಬರುವುದು ಬೆಳಿಗ್ಗೆ ಒಂದು, ಸಂಜೆ ಒಂದು ಖಾಸಗಿ ಬಸ್ಸು. ಅದರ ಕಂಡಕ್ಟರ್ ಶಕ್ತಿ ಯೋಜನೆಗೆ ಟಿಕೆಟ್ ಹರಿಯುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ಇದೇ ಸ್ಕಾಲರ್‌ಶಿಪ್ 10 ಸಾವಿರ ಇತ್ತು. ಇಲ್ಲಿಯವರೆಗೆ ಹೇಳದ್ದು ಒಂದಿದೆ, ಇವತ್ತು ಸಿಟ್ಟಿನಲ್ಲಿ ಹೇಳಿಬಿಡುತ್ತೇನೆ. ಎರಡನೇ ವರ್ಷದಲ್ಲಿ ನನಗೊಂದು ಸಂಬಂಧ ಬಂದಿತ್ತು. ಒಳ್ಳೆ ಮನೆ, ಹುಡುಗ ಬೆಂಗಳೂರು, ಎಲ್ಲರೂ ಒಪ್ಪಿದ ಹಾಗೇ ಇತ್ತು. ನಾನು ಓದಬೇಕು ಅಂತ ಅತ್ತುಬಿಟ್ಟೆ. ಯಾರೂ ಕೇಳಲಿಲ್ಲ. ಕಾಲೇಜು ಬಿಟ್ಟರೆ ಸ್ಕಾಲರ್‌ಶಿಪ್ ನಿಲ್ಲುತ್ತೆ ಅಂದೆ. ಜಗಲಿ ತುದಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕತ್ತಿ ಕೆಳಗಿಟ್ಟು, 'ಬರೋ ದುಡ್ಡು ಬಿಟ್ಟು ಈಗ್ಲೇ ಮದ್ವೆ ಯಾಕ್ರೋ? ಮುಗೀಲಿ' ಎಂದಳು. ಅಲ್ಲಿಗೆ ಮಾತು ಮುಗಿಯಿತು. ನನ್ನ ಕನಸು, ನನ್ನ ಅಂಕಪಟ್ಟಿ, ನನ್ನ ಕಣ್ಣೀರು ಮಾಡದ ಕೆಲಸವನ್ನು ಆ ಹತ್ತು ಸಾವಿರ ಮಾಡಿತು. ಬೇಜಾರಾಗುತ್ತೆ, ಆದರೆ ನಿಜ.

ಆ ದುಡ್ಡು ಬಿದ್ದಿದ್ದು ನನ್ನ ಹೆಸರಿನ ಖಾತೆಗೆ. ಅಪ್ಪನ ಖಾತೆಗಲ್ಲ, ಅಣ್ಣನದ್ದಕ್ಕಲ್ಲ. ಅಲ್ಲಿಯವರೆಗೆ ನಮ್ಮನೆಯ ಯಾವ ಹೆಂಗಸಿನ ಹೆಸರಲ್ಲೂ ಪಾಸ್‌ಬುಕ್ ಇರಲಿಲ್ಲ. ಅಮ್ಮ ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಳು, ಮತ್ತೆ ನನಗೇ ಕೊಡಲು ಸತಾಯಿಸುತ್ತಿದ್ದಳು!

ಈಗ ಕಾಮೆಂಟಿಗೆ ಬರುವವರು ಬರಲಿ. 'ತಡವಾಗಿ ಬರುತ್ತೆ', 'ಹುಡುಗರು ಫೋನ್ ತಗೋತಾರೆ'. ತಡ ಆಗುತ್ತೆ, ಒಪ್ಪಿದೆ. ಆದರೆ ಬರುತ್ತೆ ಅಂತ ಗೊತ್ತಿದ್ದರೆ ಊರಲ್ಲಿ ಕೈಸಾಲ ಹುಟ್ಟುತ್ತೆ, ಹಾಸ್ಟೆಲ್‌ನವರು ಕಾಯುತ್ತಾರೆ. ಫೋನ್ ತಗೊಂಡರೆ ತಗೊಳ್ಳಲಿ ಬಿಡ್ರೀ. ಹಾಲ್ ಟಿಕೆಟ್ಟಿನಿಂದ ಹಿಡಿದು ಒಟಿಪಿವರೆಗೆ ಎಲ್ಲವೂ ಅದರಲ್ಲೇ ಬರುವಾಗ ಹಳೆ ಬಟನ್ ಸೆಟ್ ಹಿಡಿದು ಗುಡ್ಡ ಹತ್ತಬೇಕಾ? ನಿಮ್ಮ ಮಗ ಬೈಕ್ ಕೇಳಿದಾಗ ಇಷ್ಟು ಲೆಕ್ಕ ಹಾಕಿದ್ರಾ?

ಈ ಸಲ ಪಿಯುಸಿ ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ. ಜೂನ್ ಮಳೆ ಹಿಡಿದರೆ ಕರೆಂಟೂ ಇಲ್ಲ, ಸರ್ವರ್ರೂ ಇಲ್ಲ. ಖಾತೆ ಮಗುವಿನ ಹೆಸರಲ್ಲೇ ಇರಲಿ, ಆಧಾರ್ ಜೋಡಿಸಿ. ಅರ್ಜಿ ಹಾಕುವುದು ಕೇಂದ್ರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ (ಎನ್‌ಎಸ್‌ಪಿ). ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಒಂದು ಸಲ ಬಂತಲ್ಲ ಅಂತ ಕೂತು ಎರಡನೇ ವರ್ಷದ್ದು ಕಳೆದುಕೊಂಡವರು ನಮ್ಮ ಹಾಸ್ಟೆಲ್‌ನಲ್ಲೇ ಬೇಕಾದಷ್ಟು ಜನ ಇದ್ದರು.